ಕೈದಿ ಎಸ್ಕಾರ್ಟ್ ಥ್ರಿಲ್ಲರ್, ನಮ್ಮೂರ ಹೆದ್ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬ ಅಪಾಯಕಾರಿ ಕೈದಿ, ಅವನನ್ನು ಊರಿಂದೂರಿಗೆ ಸಾಗಿಸುವ ನಾಲ್ಕಾರು ಪೊಲೀಸರು, ದಾರಿಯಲ್ಲಿ ಹೊಂಚು ಹಾಕಿ ಕೂತವರು. ಹಿಂದಿಯ ಈ ಬಗೆಯ ಆಕ್ಷನ್ ಥ್ರಿಲ್ಲರ್ ನೋಡಿ, ಅಂಥದ್ದೇ ಒಂದನ್ನು ದಾವಣಗೆರೆ–ಚಿತ್ರದುರ್ಗದ ನಡುವೆ ಕಿರುಚಿತ್ರವೋ ವೆಬ್ ಸರಣಿಯೋ ಮಾಡಲು ಹೊರಡುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕಾನೂನಿನ ಕಲಂಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ನ್ಯಾಯ ಸಂಹಿತೆಯವು. ನಿಮ್ಮ ಕಥೆ ಅದಕ್ಕಿಂತ ಹಿಂದಿನದಾದರೆ ಹಳೆಯ ಸಿಆರ್‌ಪಿಸಿ, ಐಪಿಸಿ ಸಂಖ್ಯೆಗಳನ್ನೇ ಹಾಕಿ.

ಮಾದರಿಗೆ ಯಾವ ಸಿನಿಮಾ ನೋಡಬೇಕು?

2004ರ ಜನವರಿಯಲ್ಲಿ ಬಂದ, ರಾಜ್‌ಕುಮಾರ್ ಸಂತೋಷಿ ನಿರ್ದೇಶನದ ‘ಖಾಕಿ’. ನಿವೃತ್ತಿಯ ಹೊಸ್ತಿಲಲ್ಲಿರುವ ಡಿಸಿಪಿಯಾಗಿ ಅಮಿತಾಭ್ ಬಚ್ಚನ್, ಜೊತೆಗೆ ಅಕ್ಷಯ್ ಕುಮಾರ್, ತುಷಾರ್ ಕಪೂರ್. ಎದುರಾಳಿಯಾಗಿ ಅಜಯ್ ದೇವಗನ್. ಮುಂಬೈಗೆ ಒಯ್ಯಬೇಕಾದ ಕೈದಿ ಡಾ. ಇಕ್ಬಾಲ್ ಅನ್ಸಾರಿಯ ಪಾತ್ರ ಮಾಡಿದವರು ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ. ಈ ಚಿತ್ರದಿಂದ ಕಲಿಯಬೇಕಾದದ್ದು ಗುಂಡಿನ ಕಾಳಗವನ್ನಲ್ಲ. ಕೈದಿಯ ಬಗ್ಗೆ ಬೆಂಗಾವಲಿನವರಿಗೆ ಮೊದಲ ದಿನ ಇದ್ದ ಅಭಿಪ್ರಾಯ ದಾರಿ ಸವೆದಂತೆ ಹೇಗೆ ಸಡಿಲವಾಗುತ್ತದೆ ಎಂಬುದನ್ನು ನೋಡಿ. ಈ ಬಗೆಯ ಕಥೆಗೆ ಇರುವುದು ಅದೊಂದೇ ಎಂಜಿನ್. ಉಳಿದದ್ದೆಲ್ಲ ಟಯರು.

ಕೈದಿಯನ್ನು ಒಯ್ಯುವವರು ಠಾಣೆಯ ಪೊಲೀಸರೇ?

ಹೊಸಬರ ಚಿತ್ರಕಥೆ ಎಡವುವ ಮೊದಲ ಕಲ್ಲು ಇದು. ತನಿಖೆ ಮಾಡಿದ ಇನ್‌ಸ್ಪೆಕ್ಟರೇ ಕೈದಿಯನ್ನು ಜೀಪಿಗೆ ಹತ್ತಿಸಿಕೊಂಡು ಹೊರಡುವುದು ಪೊಲೀಸ್ ಕಸ್ಟಡಿಯ ಹಂತದಲ್ಲಿ ಮಾತ್ರ. ಆರೋಪಿ ನ್ಯಾಯಾಂಗ ಬಂಧನಕ್ಕೆ ಹೋದ ಮೇಲೆ ಅವನು ಜೈಲಿನವರ ಸುಪರ್ದಿ. ಅಲ್ಲಿಂದ ಕೋರ್ಟಿಗೆ, ಆಸ್ಪತ್ರೆಗೆ, ಬೇರೆ ಜೈಲಿಗೆ ಒಯ್ಯಲು ಸಾಮಾನ್ಯವಾಗಿ ಬರುವವರು ಜಿಲ್ಲಾ ಸಶಸ್ತ್ರ ಮೀಸಲು ಪಡೆಯವರು, ಅಂದರೆ ಡಿಎಆರ್. ಅಲ್ಲಿನ ಹುದ್ದೆಗಳ ಹೆಸರೇ ಬೇರೆ: ಎಪಿಸಿ (ಸಶಸ್ತ್ರ ಪೊಲೀಸ್ ಕಾನ್‌ಸ್ಟೇಬಲ್), ಎಎಚ್‌ಸಿ (ಸಶಸ್ತ್ರ ಹೆಡ್ ಕಾನ್‌ಸ್ಟೇಬಲ್), ಎಆರ್‌ಎಸ್‌ಐ (ಸಹಾಯಕ ರಿಸರ್ವ್ ಸಬ್ ಇನ್‌ಸ್ಪೆಕ್ಟರ್), ಆರ್‌ಎಸ್‌ಐ (ರಿಸರ್ವ್ ಸಬ್ ಇನ್‌ಸ್ಪೆಕ್ಟರ್), ಆರ್‌ಪಿಐ (ರಿಸರ್ವ್ ಪೊಲೀಸ್ ಇನ್‌ಸ್ಪೆಕ್ಟರ್). ಡಿಎಆರ್‌ನವರು ಎಫ್‌ಐಆರ್ ಬರೆಯುವುದಿಲ್ಲ, ತನಿಖೆ ಮಾಡುವುದಿಲ್ಲ. ಕೈದಿಯ ಕೇಸಿನ ಒಳಸುಳಿ ಅವರಿಗೆ ಗೊತ್ತಿರಬೇಕಾಗಿಯೂ ಇಲ್ಲ. ಕಥೆಗಾರನಿಗೆ ಇದು ವರ. ಕೈದಿ ಹೇಳುವುದು ನಿಜವೋ ಸುಳ್ಳೋ ತಿಳಿಯದವರು ಅವನ ಪಕ್ಕದಲ್ಲೇ ಆರು ಗಂಟೆ ಕೂತಿರುತ್ತಾರೆ.

ದಾವಣಗೆರೆ ಪೊಲೀಸ್ ಕಮಿಷನರ್ ಎಂಬ ಪಾತ್ರ ಬರೆಯಬಹುದೇ?

ಬೇಡ. ದಾವಣಗೆರೆಗೆ ಮಹಾನಗರ ಪಾಲಿಕೆಯ ಆಯುಕ್ತರಿದ್ದಾರೆ, ಪೊಲೀಸ್ ಆಯುಕ್ತರಿಲ್ಲ. ಜಿಲ್ಲೆಗೆ ಎಸ್‌ಪಿ, ಅವರ ಕೆಳಗೆ ಹೆಚ್ಚುವರಿ ಎಸ್‌ಪಿ, ಡಿವೈಎಸ್‌ಪಿ. ಎಸ್‌ಪಿಯ ಮೇಲೆ ಪೂರ್ವ ವಲಯದ ಐಜಿಪಿ, ಅವರ ಕಚೇರಿ ದಾವಣಗೆರೆಯಲ್ಲೇ ಇದೆ. ಡಿಸಿಪಿ, ಎಸಿಪಿ ಹುದ್ದೆಗಳು ಬರುವುದು ಬೆಂಗಳೂರು, ಹುಬ್ಬಳ್ಳಿ–ಧಾರವಾಡದಂಥ ಕಮಿಷನರೇಟ್‌ಗಳಲ್ಲಿ. ಕಥೆ 1997ರ ಆಗಸ್ಟ್ 15ಕ್ಕಿಂತ ಹಿಂದಿನದಾದರೆ ದಾವಣಗೆರೆ ಎಸ್‌ಪಿ ಎಂಬುದೂ ತಪ್ಪು. ಆಗ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದವು.

ವಿಡಿಯೊ ಮೂಲಕ ಹಾಜರುಪಡಿಸುವ ಕಾಲದಲ್ಲಿ ಎಸ್ಕಾರ್ಟ್ ಯಾಕೆ ಬೇಕು?

ಈ ಪ್ರಶ್ನೆಯನ್ನು ಪ್ರೇಕ್ಷಕರೂ ಕೇಳುತ್ತಾರೆ, ಉತ್ತರ ನಿಮ್ಮ ಮೊದಲ ಹತ್ತು ನಿಮಿಷದಲ್ಲಿರಬೇಕು. ನ್ಯಾಯಾಂಗ ಬಂಧನದ ಅವಧಿ ಮುಂದುವರಿಸುವುದಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 187ರ ಪ್ರಕಾರ ವಿಡಿಯೊ ಸಾಕು. ಪೊಲೀಸ್ ಕಸ್ಟಡಿಗೆ ಕೊಡಬೇಕಾದರೆ ಆರೋಪಿ ಮ್ಯಾಜಿಸ್ಟ್ರೇಟರ ಮುಂದೆ ಖುದ್ದಾಗಿ ನಿಲ್ಲಲೇಬೇಕು. ಬೇರೆ ಜಿಲ್ಲೆಯ ಕೇಸಿನಲ್ಲಿ ಕಸ್ಟಡಿಗೆ ಬೇಕಾಗಿರುವುದು, ಸಾಕ್ಷಿಗಳು ಕೋರ್ಟಿನಲ್ಲಿ ಗುರುತಿಸಬೇಕಾಗಿರುವುದು, ಜೈಲಿನಲ್ಲಿ ಗಲಾಟೆಯಾಗಿ ಬೇರೆ ಜೈಲಿಗೆ ವರ್ಗವಾಗಿರುವುದು, ದೊಡ್ಡಾಸ್ಪತ್ರೆಯ ಚಿಕಿತ್ಸೆ: ಈ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳಿ.

ಕೈಯಲ್ಲಿ ಯಾವ ಕಾಗದ ಇರುತ್ತದೆ?

ಕಾಗದವಿಲ್ಲದೆ ಜೈಲಿನ ಗೇಟು ತೆರೆಯುವುದಿಲ್ಲ. ಬೇರೊಂದು ಕೇಸಿಗಾಗಿ ಕೋರ್ಟು ಜೈಲಿನಲ್ಲಿರುವವನನ್ನು ಕರೆಸುವ ಆದೇಶಕ್ಕೆ ಬಾಡಿ ವಾರಂಟ್ ಅಥವಾ ಪಿಟಿ ವಾರಂಟ್ ಎನ್ನುತ್ತಾರೆ. ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು ಕಲಂ 302. ಎರಡನೇ ದರ್ಜೆ ಮ್ಯಾಜಿಸ್ಟ್ರೇಟರು ಹೊರಡಿಸಿದ್ದರೆ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ಮೇಲುರುಜು ಬೇಕು. ಕೈದಿಗೆ ಕಾಯಿಲೆಯಿದ್ದು ಸಾಗಿಸಲು ಆಗದ ಸ್ಥಿತಿಯಿದ್ದರೆ ಜೈಲಿನ ಅಧಿಕಾರಿ ಕಲಂ 304ರಡಿ ಕಳಿಸದೆ ಇರಬಹುದು, ಕಾರಣ ಬರೆದು ಕೋರ್ಟಿಗೆ ತಿಳಿಸಬೇಕು. ನಿರ್ದಿಷ್ಟ ಕೈದಿಯನ್ನು ಜೈಲಿನಿಂದ ಹೊರಗೆ ಒಯ್ಯಲೇಬಾರದು ಎಂದು ಸರ್ಕಾರವೇ ಕಲಂ 303ರಡಿ ಆದೇಶ ಮಾಡಬಹುದು. ಹಾಗೆ ಆದೇಶವಾಗುವ ಮುನ್ನ ಅವನನ್ನು ಹೊರತರಬೇಕೆಂಬ ಧಾವಂತ ಒಳ್ಳೆಯ ಗಡಿಯಾರವಾಗಬಲ್ಲದು. ಇದನ್ನು ಯಾವ ಬರಹಗಾರರೂ ಬಳಸಿಕೊಳ್ಳುತ್ತಿಲ್ಲ, ಎಲ್ಲರೂ ಬಾಂಬಿನ ಟೈಮರ್ ಹಿಂದೆಯೇ ಬಿದ್ದಿದ್ದಾರೆ.

ಬೇರೆ ರಾಜ್ಯದಲ್ಲಿ ಹಿಡಿದವನನ್ನು ತರುವುದಾದರೆ ಅಲ್ಲಿನ ಹತ್ತಿರದ ಮ್ಯಾಜಿಸ್ಟ್ರೇಟರಿಂದ ಟ್ರಾನ್ಸಿಟ್ ರಿಮಾಂಡ್, ಅಂದರೆ ಅವನನ್ನು ಕಸ್ಟಡಿಯಲ್ಲಿಟ್ಟು ಸಾಗಿಸಲು ಅನುಮತಿ, ಪಡೆಯಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಕಲಂ 58ರ ಲೆಕ್ಕದಲ್ಲಿ ಪ್ರಯಾಣದ ಸಮಯ ಸೇರುವುದಿಲ್ಲ. ಅಗತ್ಯವಾದ ಪ್ರಯಾಣ ಮಾತ್ರ ಆ ವಿನಾಯಿತಿಗೆ ಬರುತ್ತದೆ. ದಾರಿಯಲ್ಲಿ ಲಾಡ್ಜಿನಲ್ಲಿ ಕೂಡಿಹಾಕಿದ ಹೊತ್ತು ಬರುವುದಿಲ್ಲ.

ಎಷ್ಟು ಮಂದಿ, ಯಾರು ಎಲ್ಲಿ ಕೂರುತ್ತಾರೆ?

ಸಂಖ್ಯೆಯನ್ನು ನಿರ್ಧರಿಸುವುದು ಕೈದಿಯ ಹಿನ್ನೆಲೆ, ದೂರ, ಹೊತ್ತು, ಅವನಿಗಿರುವ ವೈರಿಗಳು. ಕಥೆಗೆ ಒಪ್ಪುವ ಲೆಕ್ಕ ಬೇಕಿದ್ದರೆ ಹೀಗೆ ಇಟ್ಟುಕೊಳ್ಳಿ: ಒಬ್ಬ ಆರ್‌ಎಸ್‌ಐ, ಇಬ್ಬರು ಎಎಚ್‌ಸಿ, ಆರು ಎಪಿಸಿ, ಇಬ್ಬರು ಚಾಲಕರು, ಜಾಲರಿ ಹೊಡೆದ ಒಂದು ವ್ಯಾನು, ಅದರ ಹಿಂದೆ ಒಂದು ಬೊಲೆರೊ. ಕೈದಿ ವ್ಯಾನಿನ ಬಾಗಿಲಿಂದ ದೂರ, ಕಿಟಕಿಯ ಕಡೆಗಲ್ಲದೆ, ಇಬ್ಬರ ನಡುವೆ. ಚಾಲಕನ ಬೆನ್ನಿಗೆ ಅವನನ್ನು ಕೂರಿಸುವುದಿಲ್ಲ, ಕುತ್ತಿಗೆಗೆ ಕೈ ಹಾಕಿದರೆ ವ್ಯಾನು ಹಳ್ಳಕ್ಕೆ ಇಳಿಯುತ್ತದೆ. ಕೈದಿಯನ್ನು ಹಿಡಿದು ಕೂರುವ ಇಬ್ಬರ ಬಳಿ ಬಂದೂಕು ಇರಬಾರದು. ಬಂದೂಕು ಇರುವವನು ಕೈದಿಯ ಕೈಗೆ ಎಟುಕಬಾರದು. ಈ ಒಂದು ನಿಯಮ ಗೊತ್ತಿದ್ದರೆ, ನಾಯಕನ ಸೊಂಟದಿಂದ ಕೈದಿ ಪಿಸ್ತೂಲು ಕಿತ್ತುಕೊಳ್ಳುವ ಹಳಸಲು ದೃಶ್ಯ ಬರೆಯಲು ನಿಮಗೇ ಮನಸ್ಸಾಗುವುದಿಲ್ಲ. ಬರೆಯಲೇಬೇಕೆಂದರೆ ಮೊದಲು ಆ ನಿಯಮ ಯಾಕೆ ಮುರಿಯಿತೆಂದು ತೋರಿಸಿ: ಒಬ್ಬ ರಜೆ, ಒಬ್ಬನಿಗೆ ವಾಂತಿ, ಒಬ್ಬ ಗಣೇಶನ ಬಂದೋಬಸ್ತಿಗೆ ಹೋಗಿದ್ದಾನೆ, ಉಳಿದವರು ಮೂರೇ ಜನ.

ಮಹಿಳಾ ಕೈದಿಯಾದರೆ ಮಹಿಳಾ ಸಿಬ್ಬಂದಿ ಜೊತೆಗಿರಬೇಕು. ತಪಾಸಣೆಯೂ ಅವರಿಂದಲೇ.

ಕೈಗೆ ಕೋಳ ಹಾಕುವುದು ಕಡ್ಡಾಯವೇ?

ಸಿನಿಮಾದಲ್ಲಿ ಎಲ್ಲರಿಗೂ ಕೋಳ, ಕಾನೂನಿನಲ್ಲಿ ಬಹಳ ಕಡಿಮೆ ಜನರಿಗೆ. 1980ರ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಕೋಳ ಹಾಕುವುದು ಮೇಲ್ನೋಟಕ್ಕೇ ಅಮಾನವೀಯ, ಬೇರೆ ದಾರಿಯೇ ಇಲ್ಲದಿದ್ದಾಗ ಕಾರಣ ಬರೆದಿಟ್ಟು ಮಾತ್ರ ಹಾಕಬೇಕು ಎಂದರು. ಜೈಲಿನಿಂದ ಜೈಲಿಗೆ, ಜೈಲಿನಿಂದ ಕೋರ್ಟಿಗೆ ಒಯ್ಯುವಾಗ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಹಾಕಬಾರದೆಂದು ಸುಪ್ರೀಂ ಕೋರ್ಟು 1995ರಲ್ಲಿ ಮತ್ತೆ ಹೇಳಿತು. 2022ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಚೆಕ್ ಬೌನ್ಸ್ ಕೇಸಿನಲ್ಲಿ ಕೋಳ ಹಾಕಿಸಿಕೊಂಡ ಕಾನೂನು ವಿದ್ಯಾರ್ಥಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 43(3) ಸ್ವಲ್ಪ ಬಾಗಿಲು ತೆರೆದಿದೆ. ಅಪರಾಧದ ಗಂಭೀರತೆ ನೋಡಿ, ಪದೇ ಪದೇ ಅಪರಾಧ ಮಾಡಿದವರು, ಹಿಂದೆ ಕಸ್ಟಡಿಯಿಂದ ತಪ್ಪಿಸಿಕೊಂಡವರು, ಸಂಘಟಿತ ಅಪರಾಧ, ಭಯೋತ್ಪಾದನೆ, ಕೊಲೆ, ಅತ್ಯಾಚಾರ, ಆ್ಯಸಿಡ್ ದಾಳಿ, ಖೋಟಾನೋಟು, ಮಾನವ ಸಾಗಣೆ, ಮಾದಕ ವಸ್ತು, ಅಕ್ರಮ ಶಸ್ತ್ರಾಸ್ತ್ರದಂಥ ಪ್ರಕರಣದವರಿಗೆ ದಸ್ತಗಿರಿ ಮಾಡುವಾಗ ಅಥವಾ ಕೋರ್ಟಿಗೆ ಹಾಜರುಪಡಿಸುವಾಗ ಹಾಕಬಹುದು. ‘ಹಾಕಬಹುದು’ ಎಂದಿದೆ, ‘ಹಾಕಬೇಕು’ ಎಂದಿಲ್ಲ. ಹೀಗಾಗಿ ನಿಮ್ಮ ಆರ್‌ಎಸ್‌ಐಗೆ ನಿಜವಾದ ಇಕ್ಕಟ್ಟಿದೆ: ಹಾಕಿದರೆ ವಕೀಲರು ಕೋರ್ಟಿನಲ್ಲಿ ಕಾರಣ ಕೇಳುತ್ತಾರೆ, ಹಾಕದೆ ಕೈದಿ ಓಡಿದರೆ ಇಲಾಖೆ ಕಾರಣ ಕೇಳುತ್ತದೆ.

ತೆರೆಯ ಮೇಲೆ ಕೋಳ ತೋರಿಸುವಾಗ ಕೆಲವು ಸಂಗತಿ ಗಮನಿಸಿ. ಕೋಳಕ್ಕೆ ಎರಡು ಹಂತದ ಲಾಕ್ ಇರುತ್ತದೆ. ಎರಡನೆಯದನ್ನು ಹಾಕದೆ ಬಿಟ್ಟರೆ ಕೈದಿ ಅಲುಗಾಡಿದಂತೆಲ್ಲ ಹಲ್ಲು ಒಂದೊಂದೇ ಮುಂದೆ ಸರಿದು ಬಿಗಿಯಾಗುತ್ತಾ ಹೋಗುತ್ತದೆ, ಮಣಿಕಟ್ಟಿನ ನರ ಒತ್ತಿ ಹೆಬ್ಬೆರಳ ಹಿಂಭಾಗ ಜೋಮು ಹಿಡಿಯುತ್ತದೆ. ಕೋಳ ಮತ್ತು ಚರ್ಮದ ನಡುವೆ ಒಂದು ಬೆರಳ ತುದಿ ಹೋಗುವಷ್ಟು ಸಡಿಲವಿರಬೇಕು. ಚಲಿಸುವ ವಾಹನದ ಸೀಟಿನ ಸರಳಿಗೆ ಕೋಳ ಸಿಕ್ಕಿಸಬಾರದು. ವಾಹನ ಪಲ್ಟಿಯಾಗಿ ಬೆಂಕಿ ಹತ್ತಿದರೆ ಒಳಗಿದ್ದವನು ಸುಟ್ಟುಹೋಗುತ್ತಾನೆ. ಕೀಲಿ ಕೈದಿಯ ಪಕ್ಕ ಕೂತವನ ಜೇಬಿನಲ್ಲಿರಬಾರದು. ಹೇರ್‌ಪಿನ್ನಿನಿಂದ ಎರಡು ಸೆಕೆಂಡಿಗೆ ಕೋಳ ಬಿಚ್ಚುವುದನ್ನು ದಯವಿಟ್ಟು ಬಿಡಿ.

ಕೈದಿ ತಪ್ಪಿಸಿಕೊಳ್ಳುವುದು ಎಲ್ಲಿ, ಹೇಗೆ?

ಹೆದ್ದಾರಿಯಲ್ಲಿ ಎಂಟು ಎಸ್‌ಯುವಿಗಳ ದಾಳಿ ಆಗುವುದು ತೆರೆಯ ಮೇಲೆ. ನಿಜದಲ್ಲಿ ಅಪಾಯದ ಜಾಗ ಶೌಚಾಲಯ. ಆಮೇಲಿನವು ಆಸ್ಪತ್ರೆಯ ಹೊರರೋಗಿ ವಿಭಾಗ, ಕೋರ್ಟಿನ ಜನಜಂಗುಳಿಯ ಪಡಸಾಲೆ, ಬಸ್ ನಿಲ್ದಾಣ.

ಶೌಚಕ್ಕೆ ಬಿಡುವ ಸರಿಯಾದ ಕ್ರಮವನ್ನು ದೃಶ್ಯವಾಗಿಯೇ ಬರೆಯಿರಿ, ಉದ್ವೇಗ ತಾನಾಗಿ ಹುಟ್ಟುತ್ತದೆ. ಕೈದಿ ಕೇಳಿದ ಜಾಗದಲ್ಲಿ ನಿಲ್ಲಿಸುವುದಿಲ್ಲ, ತಂಡದವರು ಆರಿಸಿದ ಜಾಗದಲ್ಲಿ ನಿಲ್ಲಿಸುತ್ತಾರೆ. ಪೊಲೀಸ್ ಠಾಣೆಯಾದರೆ ಒಳ್ಳೆಯದು. ಒಬ್ಬ ಮೊದಲು ಒಳಗೆ ಹೋಗಿ ಗವಾಕ್ಷಿಯ ಅಗಲ, ಇನ್ನೊಂದು ಬಾಗಿಲು, ಫ್ಲಶ್ ತೊಟ್ಟಿಯ ಮುಚ್ಚಳ, ಮೂಲೆಯಲ್ಲಿನ ಆ್ಯಸಿಡ್ ಬಾಟಲಿ, ಒಡೆದ ಕನ್ನಡಿ ನೋಡುತ್ತಾನೆ. ಒಬ್ಬ ಕಟ್ಟಡದ ಹಿಂದೆ ನಿಲ್ಲುತ್ತಾನೆ. ಒಳಗಿನ ಚಿಲಕ ಹಾಕಲು ಬಿಡುವುದಿಲ್ಲ. ನೀರಿನ ಸದ್ದು ಬರುತ್ತಿದೆಯೆಂದು ನಿಶ್ಚಿಂತೆಯಾಗಿ ನಿಲ್ಲುವಂತಿಲ್ಲ. ನಲ್ಲಿ ಬಿಟ್ಟು ಗವಾಕ್ಷಿಯಿಂದ ಇಳಿಯುವವನಿಗೆ ಆ ಸದ್ದೇ ಆಸರೆ. ಅವನನ್ನು ಮಾತಾಡಿಸುತ್ತಲೇ ಇರಬೇಕು.

ಕೆಡುವುದು ಬಹುತೇಕ ಮರಳುವ ದಾರಿಯಲ್ಲಿ. ಬೆಳಗಿನ ಜಾವ ಹೊರಟವರು, ಕೋರ್ಟಿನಲ್ಲಿ ಸಂಜೆಯವರೆಗೆ ನಿಂತವರು, ಸರಿಯಾಗಿ ಊಟವಿಲ್ಲದವರು. ಅಷ್ಟು ಹೊತ್ತಿಗೆ ಕೈದಿಯ ಜೊತೆ ಸಲಿಗೆಯೂ ಬೆಳೆದಿರುತ್ತದೆ. ‘ಇಷ್ಟೊತ್ತು ಸುಮ್ನಿದ್ನಲ್ಲ’ ಎಂಬ ಒಂದು ಮಾತಿನಲ್ಲಿ ಎಲ್ಲ ಸಡಿಲವಾಗುತ್ತದೆ. ಕಾಳಗವನ್ನು ಹೋಗುವ ದಾರಿಯಲ್ಲಿಟ್ಟು, ತಪ್ಪಿಸಿಕೊಳ್ಳುವುದನ್ನು ಬರುವ ದಾರಿಯಲ್ಲಿಡಿ.

ದಾರಿಯಲ್ಲಿ ಊಟ?

ಪಾರ್ಸೆಲ್ ತಂದು ವ್ಯಾನಿನಲ್ಲೇ ಕೊಡುವುದು ಸುರಕ್ಷಿತ. ಗಾಜಿನ ಲೋಟ, ಬಾಟಲಿ, ಚಮಚ ಇಲ್ಲ. ಸಂಬಂಧಿಕರು ತಂದ ಬುತ್ತಿಗೂ ಪ್ರವೇಶವಿಲ್ಲ. ಒಂದೇ ಹೋಟೆಲಿನಲ್ಲಿ ಪ್ರತಿ ಬಾರಿ ನಿಲ್ಲುವುದು ಹೊಂಚು ಹಾಕುವವರಿಗೆ ಆಹ್ವಾನ ಕೊಟ್ಟಂತೆ. ಬೆಣ್ಣೆ ದೋಸೆ ತಿನ್ನುವ ದೃಶ್ಯ ಎಲ್ಲರಿಗೂ ಬೇಕು, ಆದರೆ ಒಂದೇ ಕೈಯಲ್ಲಿ ಕೋಳ ಬಿಚ್ಚಿಸಿಕೊಂಡ ಕೈದಿಗೆ ಮಂಡಕ್ಕಿ ಪೊಟ್ಟಣವೇ ಸಲೀಸು, ತೆರೆಯ ಮೇಲೂ ಚೆಂದ.

ಬಂದೂಕು, ಗುಂಡುಗಳ ಲೆಕ್ಕ ಹೇಗೆ?

ಆಯುಧಾಗಾರದಿಂದ ಪಡೆಯುವಾಗ ಬಂದೂಕಿನ ಸಂಖ್ಯೆ, ಗುಂಡುಗಳ ಎಣಿಕೆ ರಿಜಿಸ್ಟರಿನಲ್ಲಿ ಬರೆದು ಸಹಿ. ಮರಳಿಸುವಾಗ ಮತ್ತೆ ಎಣಿಕೆ. ಹಾರಿಸಿದ ಗುಂಡಿಗೆ ಖಾಲಿ ಕಾಟ್ರಿಜ್ ತೋರಿಸಬೇಕು. ಒಂದು ಗುಂಡು ಕಡಿಮೆ ಬಂದರೂ ಆ ರಾತ್ರಿ ಮನೆಗೆ ಹೋಗುವುದಿಲ್ಲ.

ಮ್ಯಾಗಜಿನ್ ಲೆಕ್ಕ ತಪ್ಪಿಸಬೇಡಿ: ಹಳೆಯ .303 ರೈಫಲ್‌ಗೆ 10, ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕು. 7.62 ಎಸ್‌ಎಲ್‌ಆರ್‌ಗೆ 20, ಒಂದು ಸಲ ಒತ್ತಿದರೆ ಒಂದೇ ಗುಂಡು. 5.56 ಇನ್ಸಾಸ್‌ಗೆ 20, ಎಕೆ–47ಕ್ಕೆ 30, 9 ಎಂಎಂ ಬ್ರೌನಿಂಗ್ ಮಾದರಿಯ ಪಿಸ್ತೂಲಿಗೆ 13, .38 ರಿವಾಲ್ವರಿಗೆ 6. ಎಸ್‌ಎಲ್‌ಆರ್‌ನಿಂದ ತಡತಡನೆ ಬರ್ಸ್ಟ್ ಹೊಡೆಯುವ ದೃಶ್ಯಕ್ಕೆ ಡಿಎಆರ್ ಕವಾಯತು ಮೈದಾನದಲ್ಲಿ ನಗು ಗ್ಯಾರಂಟಿ.

ಕೈದಿ ಓಡಿದರೆ ಗುಂಡು ಹಾರಿಸಬಹುದೇ?

ಓಡಿದ ಎಂಬುದೊಂದೇ ಕಾರಣ ಸಾಲದು. ಕಲಂ 43(4)ರ ಪ್ರಕಾರ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗಬಲ್ಲ ಅಪರಾಧದ ಆರೋಪಿಯಲ್ಲದವನನ್ನು ಹಿಡಿಯುವ ಯತ್ನದಲ್ಲಿ ಕೊಲ್ಲುವ ಹಕ್ಕು ಪೊಲೀಸರಿಗಿಲ್ಲ. ಆರೋಪಿ ಅಂಥವನೇ ಆದರೂ ಬಲಪ್ರಯೋಗ ಅಗತ್ಯವಿತ್ತೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಎನ್‌ಕೌಂಟರಿನಲ್ಲಿ ಸಾವಾದರೆ 2014ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ 16 ಸೂಚನೆಗಳು ಅನ್ವಯಿಸುತ್ತವೆ: ಎಫ್‌ಐಆರ್, ಸಿಐಡಿ ಅಥವಾ ಬೇರೆ ಠಾಣೆಯ ತಂಡದಿಂದ ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ, ಬಳಸಿದ ಆಯುಧ ಒಪ್ಪಿಸುವುದು. ಗುಂಡು ಹೊಡೆದು ಹೊಗೆ ಊದುತ್ತಾ ನಡೆದುಹೋಗುವ ನಾಯಕ ಮರುದಿನ ಈ ಕಾಗದಗಳ ಮುಂದೆ ಕೂತಿರುತ್ತಾನೆ. ಒಂದು ಕಂತು ಅದಕ್ಕೇ ಮೀಸಲಿಡಬಹುದು.

ತಪ್ಪಿಸಿಕೊಂಡರೆ ಬೆಂಗಾವಲಿನವರ ಗತಿ?

ಕೈದಿಯ ಮೇಲೆ ನ್ಯಾಯ ಸಂಹಿತೆಯ ಕಲಂ 262, ಬಿಡಿಸಿಕೊಂಡು ಹೋದವರ ಮೇಲೆ 263, ನಿರ್ಲಕ್ಷ್ಯದಿಂದ ಬಿಟ್ಟ ಸರ್ಕಾರಿ ನೌಕರನ ಮೇಲೆ 261, ಅದಕ್ಕೆ ಎರಡು ವರ್ಷದವರೆಗೆ ಸಾದಾ ಸೆರೆವಾಸ. ಅಮಾನತು, ಇಲಾಖಾ ವಿಚಾರಣೆ ಬೇರೆ. ಮಗಳ ಮದುವೆಯ ಸಾಲ ತೀರಿಸುತ್ತಿರುವ ಎಎಚ್‌ಸಿಗೆ ವಿಲನ್‌ಗಿಂತ ದೊಡ್ಡ ಭಯ ಆ ಅಮಾನತಿನ ಆದೇಶ. ದುಡ್ಡಿನ ಆಮಿಷದ ದೃಶ್ಯಕ್ಕೂ ತೂಕ ಬರುವುದು ಇಲ್ಲಿಂದಲೇ.

ಮುಖಕ್ಕೆ ಬಟ್ಟೆ ಯಾಕೆ ಕಟ್ಟುತ್ತಾರೆ?

ಗುರುತು ಪತ್ತೆ ಪರೇಡ್ ಬಾಕಿ ಇದ್ದರೆ, ಸಾಕ್ಷಿಗಳು ಅದಕ್ಕೆ ಮೊದಲೇ ಟಿವಿಯಲ್ಲಿ ಮುಖ ನೋಡಿಬಿಟ್ಟರೆ ಪರೇಡಿಗೆ ಬೆಲೆ ಇರುವುದಿಲ್ಲ. ವರ್ಷಗಳಿಂದ ಜೈಲಿನಲ್ಲಿದ್ದು ವಿಚಾರಣೆ ಅರ್ಧ ಮುಗಿದವನಿಗೆ ಬಟ್ಟೆ ಕಟ್ಟಿಸುವುದು ಅರ್ಥಹೀನ.

ನಮ್ಮ ಭಾಗದಲ್ಲಿ ಯಾವ ದಾರಿ ಕಥೆಗೆ ಒದಗುತ್ತದೆ?

ದಾವಣಗೆರೆಯಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 260 ಕಿ.ಮೀ. ಆನಗೋಡು, ಹೆಬ್ಬಾಳು ಟೋಲ್, ಭರಮಸಾಗರ ದಾಟಿ ಚಿತ್ರದುರ್ಗಕ್ಕೆ 60. ಮುಂದೆ ಐಮಂಗಲ, ಗುಯಿಲಾಳು ಟೋಲ್, ಹಿರಿಯೂರಿಗೆ ಇನ್ನೊಂದು 40. ಆಮೇಲೆ ಶಿರಾ, ತುಮಕೂರು. ಬೆಳಿಗ್ಗೆ 11ಕ್ಕೆ ಬೆಂಗಳೂರಿನ ಕೋರ್ಟಿನಲ್ಲಿರಬೇಕಾದ ವ್ಯಾನು ದಾವಣಗೆರೆಯನ್ನು ನಸುಕಿನ ನಾಲ್ಕಕ್ಕೆ ಬಿಡಬೇಕು. ನೆಲಮಂಗಲದ ಆಚೆ ವಾಹನದಟ್ಟಣೆಯಲ್ಲಿ ನಿಂತ ವ್ಯಾನೇ ಇಡೀ ದಾರಿಯಲ್ಲಿ ಅತ್ಯಂತ ದುರ್ಬಲ ಗುರಿ.

ಆರು ಪಥದ ಹೆದ್ದಾರಿಯಲ್ಲಿ ಹೊಂಚು ಹಾಕುವುದು ಕಷ್ಟ, ಕ್ಯಾಮೆರಾಗಳಿವೆ, ಟೋಲ್‌ನಲ್ಲಿ ವಾಹನದ ಸಮಯ ದಾಖಲಾಗುತ್ತದೆ. ಚಿತ್ರದುರ್ಗದಿಂದ ಚಳ್ಳಕೆರೆ, ರಾಂಪುರದ ಮೇಲೆ ಬಳ್ಳಾರಿ ಕೇಂದ್ರ ಕಾರಾಗೃಹದ ದಾರಿ ಇನ್ನೂ ಚೆನ್ನ. ಸುಮಾರು 130 ಕಿ.ಮೀ., ಬಯಲು, ಆಂಧ್ರದ ಗಡಿ ಪಕ್ಕದಲ್ಲೇ. ಗಡಿ ದಾಟಿದರೆ ಅಧಿಕಾರ ವ್ಯಾಪ್ತಿಯ ತಕರಾರು ಪುಕ್ಕಟೆ ಸಿಗುತ್ತದೆ. ದಾವಣಗೆರೆಯಿಂದ ಉತ್ತರಕ್ಕೆ ಹೋದರೆ ಹರಿಹರದ ತುಂಗಭದ್ರಾ ಸೇತುವೆ, ಅದರಾಚೆ ಹಾವೇರಿ ಜಿಲ್ಲೆ.

ಓಡಿದವನು ಎಲ್ಲಿ ಅಡಗುತ್ತಾನೆ ಎಂಬುದಕ್ಕೆ ಬೆಳೆ ನೋಡಬೇಕು. ದಾವಣಗೆರೆ ಸೀಮೆಯಲ್ಲಿ ಆಗಸ್ಟಿನಿಂದ ಅಕ್ಟೋಬರಿನವರೆಗೆ ಮೆಕ್ಕೆಜೋಳ ಆಳೆತ್ತರ ಮೀರಿರುತ್ತದೆ. ಹತ್ತು ಹೆಜ್ಜೆ ಒಳಗೆ ಹೋದವನು ಕಾಣುವುದಿಲ್ಲ, ಆದರೆ ಒಣಗರಿಯ ಸದ್ದು ಮುಚ್ಚಿಡಲಾಗದು, ಗರಿಯ ಅಂಚು ಮುಖ–ಕೈ ಕೊಯ್ಯುತ್ತದೆ. ಮಾರ್ಚಿನಲ್ಲಿ ಅದೇ ಹೊಲ ಬೋಳು. ಭದ್ರಾ ನೀರಾವರಿಯ ಗದ್ದೆಯಲ್ಲಿ ಓಡಿದರೆ ಕೆಸರು ಮೊಣಕಾಲಿಗೆ. ಚನ್ನಗಿರಿ ಕಡೆ ಅಡಿಕೆ ತೋಟ, ನೆರಳೂ ಸಾಲೂ ಕ್ಯಾಮೆರಾಗೆ ಹಬ್ಬ. ಚಳ್ಳಕೆರೆಯ ಶೇಂಗಾ ಹೊಲದಲ್ಲಿ ಮೊಲವೂ ಅಡಗಲಾರದು. ಒಂದೇ ಬೆನ್ನಟ್ಟುವಿಕೆಯನ್ನು ಎರಡು ತಿಂಗಳ ಅಂತರದಲ್ಲಿ ಚಿತ್ರೀಕರಿಸಿದರೆ ಬೆಳೆಯೇ ನಿಮ್ಮನ್ನು ಹಿಡಿದುಕೊಡುತ್ತದೆ.

ರೈಲಿನಲ್ಲಿ ಒಯ್ಯುವಂತೆ ಬರೆಯಬಹುದೇ?

ದಾವಣಗೆರೆಯಿಂದಾದರೆ ಸರಿ, ಅದು ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದಲ್ಲಿದೆ. ಚಿತ್ರದುರ್ಗ ಆ ಮಾರ್ಗದಲ್ಲಿಲ್ಲ; ಅದು ಚಿಕ್ಕಜಾಜೂರಿನಿಂದ ಕವಲೊಡೆದು ರಾಯದುರ್ಗ, ಬಳ್ಳಾರಿಗೆ ಹೋಗುವ ದಾರಿಯಲ್ಲಿದೆ. ರಾತ್ರಿ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಕೈದಿಯೊಂದಿಗೆ ಕಾಯುವ ನಾಲ್ವರು ಎಂದರೆ ಅರ್ಧ ಸಿನಿಮಾ ಆಯಿತು.

ಸಮವಸ್ತ್ರ, ವಾಹನದಲ್ಲಿ ಆಗುವ ತಪ್ಪುಗಳು?

ಕರ್ನಾಟಕದ ಕಾನ್‌ಸ್ಟೇಬಲ್‌ಗಳ ಹಳೆಯ ಸ್ಲೋಚ್ ಟೋಪಿಯ ಬದಲು ನೀಲಿ ಪೀಕ್ ಕ್ಯಾಪ್ ಬಂದದ್ದು 2025ರ ಅಕ್ಟೋಬರಿನಲ್ಲಿ. ಕಥೆಯ ಇಸವಿ ನೋಡಿ ಟೋಪಿ ಆರಿಸಿ. ಭುಜದ ಮೇಲೆ ಎಎಸ್‌ಐಗೆ ಒಂದು ನಕ್ಷತ್ರ, ಪಿಎಸ್‌ಐಗೆ ಎರಡು, ಇನ್‌ಸ್ಪೆಕ್ಟರಿಗೆ ಮೂರು, ಮೂವರಿಗೂ ಕೆಂಪು–ನೀಲಿ ಪಟ್ಟಿ. ಡಿವೈಎಸ್‌ಪಿಗೂ ಮೂರೇ ನಕ್ಷತ್ರ, ಪಟ್ಟಿ ಇರುವುದಿಲ್ಲ. ನಂಬರ್ ಪ್ಲೇಟು ಕೆಎ–17 ಅಂದರೆ ದಾವಣಗೆರೆ, ಕೆಎ–16 ಚಿತ್ರದುರ್ಗ; ಸರ್ಕಾರಿ ವಾಹನಕ್ಕೆ ಅದರ ನಂತರ ‘ಜಿ’ ಅಕ್ಷರ.

ಚಿತ್ರೀಕರಣಕ್ಕೆ ಯಾರ ಅನುಮತಿ ಬೇಕು?

ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ನಟರು, ಲೈಟು, ಟ್ರೈಪಾಡು ಇಟ್ಟು ಸಿನಿಮಾ ತೆಗೆಯಲು ಇಲಾಖೆಯ ಪರವಾನಗಿ ಬೇಕು, ಟಿಕೆಟ್ ಕೊಂಡು ಒಳಹೊಕ್ಕರೆ ಸಾಲದು. ಕೋಟೆಯ ಕಲ್ಲಿಗೆ ಮೊಳೆ, ಬಣ್ಣ, ಹೊಗೆ ಬಾಂಬ್ ಯಾವುದೂ ಬೇಡ. ಅಂದಹಾಗೆ ಏಳುಸುತ್ತಿನ ಕೋಟೆಯಲ್ಲಿ ಕೈದಿ ಅಡಗಿದ ಕ್ಲೈಮ್ಯಾಕ್ಸ್ ಬಹಳ ಜನರ ತಲೆಗೆ ಬರುತ್ತದೆ, ಓಬವ್ವನ ಕಿಂಡಿಯೂ ಜೊತೆಗೆ ಬಂದೇ ಬರುತ್ತದೆ. ಊರ ಹೊರಗಿನ ಗಾಳಿಯಂತ್ರಗಳ ಗುಡ್ಡ ಅದಕ್ಕಿಂತ ತಾಜಾ. ಅಲ್ಲಿ ಆಷಾಢದಲ್ಲಿ ಸಿಂಕ್ ಸೌಂಡ್ (ಚಿತ್ರೀಕರಣದ ಜೊತೆಗೇ ಧ್ವನಿಮುದ್ರಣ) ಮಾತ್ರ ನೆಚ್ಚಬೇಡಿ, ಗಾಳಿ ಮೈಕನ್ನೇ ನುಂಗುತ್ತದೆ.

ಹೆದ್ದಾರಿಗೆ ಹೆದ್ದಾರಿ ಪ್ರಾಧಿಕಾರ ಮತ್ತು ಎಸ್‌ಪಿ ಕಚೇರಿ ಎರಡರ ಒಪ್ಪಿಗೆ ಬೇಕು, ಕಿರುಚಿತ್ರಕ್ಕೆ ಅದು ಸುಲಭಕ್ಕೆ ಸಿಗುವುದಿಲ್ಲ. ಸಂಚಾರ ಕಡಿಮೆಯಿರುವ ಹಳ್ಳಿ ರಸ್ತೆಗೆ ಸ್ಥಳೀಯ ಠಾಣೆ ಮತ್ತು ಪಂಚಾಯಿತಿಗೆ ಪತ್ರ ಕೊಡುವುದು ಕಾರ್ಯಸಾಧು. ಪತ್ರದಲ್ಲಿ ದಿನಾಂಕ, ವೇಳೆ, ವಾಹನಗಳ ನಂಬರು, ಎಷ್ಟು ಜನ ಸಮವಸ್ತ್ರದಲ್ಲಿರುತ್ತಾರೆ, ಎಷ್ಟು ನಕಲಿ ಬಂದೂಕುಗಳಿವೆ ಎಂದು ಬರೆಯಿರಿ. ಸ್ವೀಕೃತಿ ಮೊಹರು ಹಾಕಿಸಿದ ಪ್ರತಿ ಸೆಟ್ಟಿನಲ್ಲಿ ಇರಲಿ.

ಡ್ರೋನ್ ಹಾರಿಸುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ನೋಡಿ. ಹಸಿರು ವಲಯದಲ್ಲಿ 400 ಅಡಿವರೆಗೆ ಪ್ರತ್ಯೇಕ ಅನುಮತಿ ಬೇಡ, ಡ್ರೋನ್ ನೋಂದಣಿಯಾಗಿರಬೇಕು. ಚಳ್ಳಕೆರೆ ಬಯಲು ಎಷ್ಟು ಚೆಂದವಿದ್ದರೂ ಅಲ್ಲಿ ಎಚ್ಚರ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇರುವುದು ಆ ತಾಲ್ಲೂಕಿನಲ್ಲೇ.

ಸೆಟ್ಟಿನಲ್ಲಿ ಸಮವಸ್ತ್ರ, ನಕಲಿ ಬಂದೂಕು: ಏನು ಎಚ್ಚರ?

ಮೋಸದ ಉದ್ದೇಶದಿಂದ ಸರ್ಕಾರಿ ನೌಕರನ ಉಡುಪು ಧರಿಸುವುದು ನ್ಯಾಯ ಸಂಹಿತೆಯ ಕಲಂ 205ರಡಿ ಅಪರಾಧ, ತಾನೇ ಪೊಲೀಸ್ ಎಂದು ನಟಿಸಿ ಕೆಲಸ ಸಾಧಿಸುವುದು 204. ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು, ಖಾಕಿಯಲ್ಲೇ ಚಹಾ ಕುಡಿಯಲು ರಸ್ತೆಗಿಳಿದ ನಟನನ್ನು ಜನ ನಿಜವಾದವನೆಂದೇ ತಿಳಿಯುತ್ತಾರೆ. ಶಾಟ್ ಮುಗಿದ ಕೂಡಲೇ ಮೇಲೊಂದು ಜಾಕೆಟ್. ವಾಹನ ಸೆಟ್ಟಿನಿಂದ ಹೊರಗೆ ಓಡುವಾಗ ‘ಪೊಲೀಸ್’ ಅಕ್ಷರದ ಮೇಲೆ ಕಾಗದದ ಟೇಪು, ದೀಪದ ಮೇಲೆ ಚೀಲ. ನಕಲಿ ಬಂದೂಕನ್ನು ಬೈಕಿನಲ್ಲಿ ಹೆಗಲಿಗೆ ಹಾಕಿಕೊಂಡು ಹೋದರೆ 112ಕ್ಕೆ ಕರೆ ಹೋಗುತ್ತದೆ. ಪೆಟ್ಟಿಗೆಯಲ್ಲಿಟ್ಟು ಸಾಗಿಸಿ, ಒಬ್ಬನೇ ಅದರ ಉಸ್ತುವಾರಿ ನೋಡಲಿ. ಸೀಸವಿಲ್ಲದೆ ಮದ್ದಿನ ಪುಡಿ ಮಾತ್ರ ತುಂಬಿದ ಬ್ಲ್ಯಾಂಕ್ ಗುಂಡಿನ ಗೊಡವೆ ಬೇಡ, ಕೆಲವು ಅಡಿಗಳ ಒಳಗೆ ಅದೂ ಗಾಯ ಮಾಡುತ್ತದೆ. ಬೆಂಕಿಯ ಕಿಡಿಯನ್ನು ಸಂಕಲನದಲ್ಲಿ ಸೇರಿಸಬಹುದು. ಕಿಡಿ ಸೇರಿಸಿದ ಫ್ರೇಮಿನಲ್ಲೇ ನಟನ ಭುಜ ಹಿಂದಕ್ಕೆ ಸರಿಯದಿದ್ದರೆ ಸುಳ್ಳು ಗೊತ್ತಾಗುತ್ತದೆ.

ಕಡಿಮೆ ಖರ್ಚಿನಲ್ಲಿ ಚೇಸ್ ತೆಗೆಯುವುದು ಹೇಗೆ?

ವೇಗ ಓಡಿಸಬೇಡಿ, ವೇಗ ಕಾಣಿಸಿ. 40 ಕಿ.ಮೀ. ವೇಗದ ವ್ಯಾನನ್ನು ನೆಲದಿಂದ ಒಂದಡಿ ಎತ್ತರದಲ್ಲಿಟ್ಟ ಕ್ಯಾಮೆರಾದಿಂದ, ರಸ್ತೆ ಬದಿಯ ಬೇಲಿಯೋ ಜಾಲಿ ಸಾಲೋ ಮುನ್ನೆಲೆಯಲ್ಲಿ ಓಡುವಂತೆ ತೆಗೆದರೆ 80 ಎನಿಸುತ್ತದೆ. ಸೆಕೆಂಡಿಗೆ 24ರ ಬದಲು 22 ಫ್ರೇಮಿನಲ್ಲಿ ತೆಗೆದರೆ ಇನ್ನಷ್ಟು. 20ಕ್ಕಿಂತ ಕೆಳಗಿಳಿದರೆ ನಡೆಯುವವರು ಹಾಸ್ಯಚಿತ್ರದವರಂತೆ ಕಾಣುತ್ತಾರೆ. ವ್ಯಾನಿನೊಳಗಿನ ಮಾತಿನ ದೃಶ್ಯವನ್ನು ನಿಂತ ವಾಹನದಲ್ಲೇ ತೆಗೆಯಿರಿ. ಇಬ್ಬರು ಬಂಪರ್ ಅಲುಗಾಡಿಸಲಿ, ಒಬ್ಬ ಕಿಟಕಿಯ ಹೊರಗೆ ಲೈಟಿನ ಮುಂದೆ ಸೊಪ್ಪಿನ ಕೊಂಬೆ ಬೀಸುತ್ತಿರಲಿ. ಕಿಟಕಿಗೆ ಜಾಲರಿ ಇರುವುದರಿಂದ ಹೊರಗಿನ ಸುಳ್ಳು ಕಾಣುವುದಿಲ್ಲ. ಓಡುವ ವಾಹನದ ಬಾಗಿಲಲ್ಲಿ ಜೋತು ನಿಂತು ಶೂಟ್ ಮಾಡುವ ಕ್ಯಾಮೆರಾಮನ್ ಬೇಡ.

ಮಾತು ಹೇಗಿರಬೇಕು?

ಬೆಂಗಳೂರಿನ ಕನ್ನಡ ಹಾಕಬೇಡಿ. ದಾವಣಗೆರೆಯವರ ಮಾತಿನಲ್ಲಿ ‘ಹೊಂಟೀವಿ’, ‘ಕುಂದ್ರು’, ‘ಬರ್ರಿ’ ಬರುತ್ತವೆ, ಚಿತ್ರದುರ್ಗ ದಾಟಿ ಹಿರಿಯೂರಿಗೆ ಬರುವ ಹೊತ್ತಿಗೆ ಅವು ಕರಗುತ್ತವೆ. ಕಾನ್‌ಸ್ಟೇಬಲ್ ತನ್ನ ಮೇಲಿನವರನ್ನು ‘ಸರ್’, ಬೆನ್ನ ಹಿಂದೆ ‘ಸಾಹೇಬ್ರು’. ಕೈದಿಯನ್ನು ಮೊದಲ ಟೋಲ್‌ವರೆಗೆ ‘ಲೇ’, ಎರಡನೆಯದರ ಹೊತ್ತಿಗೆ ಹೆಸರು ಹಿಡಿದು. ಸಂಬಂಧ ಬದಲಾದದ್ದನ್ನು ಅಷ್ಟರಲ್ಲೇ ತೋರಿಸಬಹುದು.

ಎಸ್ಕಾರ್ಟ್ ಎಲ್ಲಿ ಮುಗಿಯುತ್ತದೆ?

ಜೈಲಿನ ಗೇಟಿನಲ್ಲಿ. ವಾರಂಟಿನ ಹೆಸರು, ತಂದೆಯ ಹೆಸರು, ಕೇಸಿನ ನಂಬರು, ಮೈಮೇಲಿನ ಗುರುತು ತಾಳೆ ನೋಡಿ, ಅಂಗತಪಾಸಣೆ ಮಾಡಿ, ಗಾಯಗಳಿದ್ದರೆ ಬರೆದುಕೊಂಡು ಜೈಲಿನವರು ಸಹಿ ಹಾಕುವವರೆಗೆ ಕೈದಿ ಬೆಂಗಾವಲಿನವರ ಹೊಣೆಯೇ. ಗಾಯ ಹೊಸದಾಗಿದ್ದರೆ ಆಸ್ಪತ್ರೆಯ ಪತ್ರ ಬೇಕೆನ್ನುತ್ತಾರೆ. ತೀರಾ ತಡವಾಗಿ, ಬ್ಯಾರಕ್ಕಿಗೆ ಬೀಗ ಬಿದ್ದ ಮೇಲೆ ಬಂದರೆ ಗೇಟಿನ ಮುಂದೆಯೇ ವಾದ ಶುರು. ದಾರಿಯುದ್ದಕ್ಕೂ ಕೈದಿಯನ್ನು ಉಳಿಸಿಕೊಂಡು ಬಂದ ಆರ್‌ಎಸ್‌ಐ, ಅವನ ಹಣೆಯ ಗಾಯಕ್ಕೆ ಚೀಟಿಯಿಲ್ಲವೆಂದು ಮತ್ತೆ ವ್ಯಾನಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಡಬೇಕಾಗಬಹುದು. ಆ ಹೊತ್ತಿಗೆ ಡೀಸೆಲ್ ಎಷ್ಟಿದೆ ಎಂಬುದನ್ನು ಚಿತ್ರಕಥೆಯ ಆರಂಭದಲ್ಲೇ ಗುರುತು ಹಾಕಿಟ್ಟುಕೊಳ್ಳಿ.